ಮನೆಯ ಮಳೆಪೀಪಾಯಿಯೂ ಬೆಂಗಳೂರಿನ ಮಳೆನೀರೂ

ಸೂರಿನಿಂದ ಇಳಿಯುವ ನೀರನ್ನು ಪಾತ್ರೆಯಲ್ಲಿ ಹಿಡಿಯುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಮಲೆನಾಡಿನ ಮನೆಗಳಲ್ಲಿ ಅಡಕೆಮರದ ದಂಬೆಯ ಕೆಳಗೆ ಹಂಡೆಯಿಡುವ ವಾಡಿಕೆಯನ್ನು ಕಂಡವರು ಹಲವರುಂಟು. ಆದರೆ ಆ ಹಂಡೆಯ ಉದ್ದೇಶ ನೀರನ್ನು ಪಡೆಯುವುದೇ ಹೊರತು ನೀರಿನ ಹಾವಳಿಯನ್ನು ತಡೆಯುವುದಲ್ಲ. ಈ ಎರಡು ಉದ್ದೇಶಗಳು ಒಂದಕ್ಕೊಂದು ವಿರುದ್ಧವಾಗಿಯೂ ನಿಲ್ಲಬಲ್ಲವೆಂಬುದನ್ನು ಬೆಂಗಳೂರಿನ ನಿದರ್ಶನದಿಂದ ಇಲ್ಲಿ ವಿಚಾರಿಸಲಾಗಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳ ಮೂಲಕ ಹರಿದುಹೋಗುತ್ತದೆ. ಪೂರ್ವಿಕರು ಈ ಕಣಿವೆಗಳಿಗೆ ಅಡ್ಡಲಾಗಿ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯ ದಾರಿಯಾಗಿ ಕೆಳಗಿನದನ್ನು ಸೇರುತ್ತಿತ್ತು. ಈ ಏರ್ಪಾಟನ್ನು ಹೊಗಳುವಾಗ ನಾವು ಏರಿಯನ್ನೂ ಕೋಡಿಯನ್ನೂ ನೆನೆಯುತ್ತೇವೆ, ತೂಬನ್ನು ಮರೆಯುತ್ತೇವೆ. ತುಂಬಿದ ಕೆರೆಗೆ ಹೊಸ ಮಳೆಯನ್ನು ಹಿಡಿದಿಡುವ ಶಕ್ತಿ ಅಲ್ಪ. ನೀರುಗಂಟಿಯು ತೂಬೆತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಟ್ಟಾಗಲೇ ಅಲ್ಲಿ ಮತ್ತೆ ತೆರಪು ಉಂಟಾಗುತ್ತಿತ್ತು. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ಚಾಮರಾಜಸಾಗರದಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂದಂತೆ ಊರಿಗೆ ಕೆರೆಗಳ ಹಂಗು ತಪ್ಪಿತು, ಅಚ್ಚುಕಟ್ಟುಗಳು ಬಡಾವಣೆಗಳಾದುವು. ಈಗ ಉಳಿದಿರುವ ಕೆರೆಗಳಲ್ಲಿ ಅನೇಕವು ಚರಂಡಿಯ ನೀರಿನಿಂದ ವರ್ಷವಿಡೀ ತುಂಬಿಯೇ ಇರುತ್ತವೆ. ತೂಬೆತ್ತುವವರಿಲ್ಲ, ಎತ್ತಿದರೂ ನೀರು ಕುಡಿಯಲು ಗದ್ದೆಯಿಲ್ಲ.

ಕೆರೆಯಲ್ಲಿ ಕಳೆದುಹೋದ ಈ ತೆರಪನ್ನು ಮನೆಗಳ ಬಳಿ ಸ್ವಲ್ಪಮಟ್ಟಿಗಾದರೂ ಮರಳಿ ಪಡೆಯಬಹುದೆ? ಲೆಕ್ಕ ಸುಲಭವಾಗಿದೆ. 100 ಚದರ ಮೀಟರಿನ ಮಾಳಿಗೆಯ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ 100 ಲೀಟರು ನೀರಾಗುತ್ತದೆ. ಆದುದರಿಂದ 200 ಲೀಟರಿನ ಪೀಪಾಯಿಗೆ 2 ಮಿಲಿಮೀಟರು ಮಳೆ ಸಾಕು. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ ಸುಮಾರು 130 ಮಿಲಿಮೀಟರು ಮಳೆಯಾಗಿ, ಮರುದಿನ ಬೆಳ್ಳಂದೂರಿನ ಕಡೆ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ಅಂತಹ ಮಳೆಗೆ ಅದೇ ಮಾಳಿಗೆಯಿಂದ 13,000 ಲೀಟರು ಇಳಿಯುತ್ತದೆ. ಅದರ ಮುಂದೆ ಪೀಪಾಯಿ ಯಾವ ಗಣನೆಗೂ ಬಾರದು. ಇದನ್ನು ಮುಚ್ಚಿಟ್ಟು ಪೀಪಾಯಿಯನ್ನು ಪ್ರಶಂಸಿಸುವುದು ನ್ಯಾಯವಲ್ಲ. ಆದರೆ 2,000 ಲೀಟರಿನ ತೊಟ್ಟಿಯೊಂದು ಬರಿದಾಗಿದ್ದರೆ 20 ಮಿಲಿಮೀಟರು ಮಳೆಯನ್ನು ಪೂರ್ತಿಯಾಗಿ ನುಂಗಬಲ್ಲದು. ಇಂತಹ 100 ಮನೆಗಳಿದ್ದರೆ 2 ಲಕ್ಷ ಲೀಟರು ನೀರು ಆ ಗಳಿಗೆಯಲ್ಲಿ ರಾಜಕಾಲುವೆಗೆ ಇಳಿಯುವುದಿಲ್ಲ. ಎಲ್ಲರ ಮಾಳಿಗೆಯ ನೀರೂ ಒಂದೇ ಗಳಿಗೆಯಲ್ಲಿ ಕಾಲುವೆಯನ್ನು ಸೇರುವುದರಿಂದಲೇ ಹಾವಳಿ ಹೆಚ್ಚುವುದಷ್ಟೆ.

"ಬರಿದಾಗಿದ್ದರೆ" ಎಂಬ ಮಾತಿನಲ್ಲಿಯೇ ತೊಡಕಿರುವುದು. ನಾವು ವಾಸವಾಗಿದ್ದ ಮನೆಯೊಂದರ ಪೀಪಾಯಿ ಮೇ ತಿಂಗಳ ಮೊದಲ ಮಳೆಗೇ ತುಂಬಿತು. ಹಿಡಿದ ನೀರನ್ನು ಬಿಡಲು ಮನಸ್ಸು ಬಾರದೆ ಹಾಗೆಯೇ ಇಟ್ಟುಕೊಂಡೆವು. ಎರಡು ವಾರದೊಳಗೆ ಅದರಲ್ಲಿ ಸೊಳ್ಳೆಯ ಮರಿಗಳು ಕಾಣಿಸಿದುವು. ಮುಂದಿನ ದೊಡ್ಡ ಮಳೆಗೆ ನೀರು ಉಕ್ಕಿ ಅಡಿಗೆಮನೆಯ ಹೊಸ್ತಿಲನ್ನು ದಾಟಿತು. ಬೇಸಗೆಯ ನೆನಪುಳ್ಳ ಗೃಹಸ್ಥನಿಗೆ ತುಂಬಿದ ಪೀಪಾಯಿಯೇ ಸಂಪತ್ತು. ಕಾಲುವೆಗಾದರೋ ಬರಿದಾದ ಪೀಪಾಯಿಯೇ ಉಪಕಾರಿ. ಇವೆರಡನ್ನೂ ಹೊಂದಿಸಬೇಕಾದರೆ ಮಳೆಗಾಲದಲ್ಲಿ ತಳದ ನಲ್ಲಿಯನ್ನು ಸ್ವಲ್ಪವೇ ತೆರೆದು, ಒಂದೆರಡು ದಿನಗಳಲ್ಲಿ ನೀರು ತೋಟಕ್ಕೋ ಇಂಗುಗುಂಡಿಗೋ ಸೇರುವಂತೆ ಮಾಡಬೇಕು. ಮಳೆಗಾಲದ ಕೊನೆಯಲ್ಲಿ ತುಂಬಿಟ್ಟುಕೊಂಡರೆ ಅಡ್ಡಿಯಿಲ್ಲ, ಆದರೆ ಬಾಯಿಗೆ ಸಣ್ಣ ಬಲೆ ಬಿಗಿದಿರಬೇಕು. ತುಂಬಿದ ಪೀಪಾಯಿ 200 ಕಿಲೋಗ್ರಾಮಿಗೂ ಮಿಗಿಲಾಗಿ ತೂಗುವುದರಿಂದ ಗಟ್ಟಿಯಾದ ಪೀಠ ಅವಶ್ಯ.

2009ರ ಕಾನೂನು 60 ಅಡಿ ಉದ್ದ 40 ಅಡಿ ಅಗಲದ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ, 30 ಅಡಿ ಅಗಲ 40 ಅಡಿ ಉದ್ದದ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರಿನ ಕೊಯ್ಲನ್ನು ಕಡ್ಡಾಯಮಾಡಿತು. ಆದರೂ ಮಾಳಿಗೆಯ ಕೊಳವೆಯನ್ನು ನೇರವಾಗಿ ಒಳಚರಂಡಿಗೆ ಜೋಡಿಸಿದ ಮನೆಗಳು ಇಂದಿಗೂ ಉಂಟು. ಮಳೆ ಬಂದಾಗ ಬೀದಿಯ ಗುಂಡಿಗಳ ಮುಚ್ಚಳ ಏಳುವುದಕ್ಕೆ ಇದೂ ಒಂದು ಕಾರಣ. ಪೀಪಾಯಿಯನ್ನಿಡುವವರು ಅದರ ಹೆಚ್ಚುನೀರಿನ ಕೊಳವೆ ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ನೋಡಿಕೊಳ್ಳುವುದು ಲೇಸು. ಅದು ಪೀಪಾಯಿಯ ಕೋಡಿ.