ಎರಡು ಹೆಚ್ಚೋ, ಎರಡರಷ್ಟೋ?



ಈ ಸಲ ಔಷಧಿ, ಗೊಬ್ಬರಗಳ ಮಾತನ್ನು ಬದಿಗಿಟ್ಟು ಒಂದಿಷ್ಟು ಲೆಕ್ಕದ ತಮಾಷೆ ನೋಡೋಣ.

ಚದುರಂಗ ಕಂಡುಹಿಡಿದ ಜಾಣನೊಬ್ಬ ರಾಜನಲ್ಲಿ ಕಾಳು ಬೇಡಿದ ಕಥೆಯನ್ನು ತಾವು ಕೇಳಿರಬಹುದು. 13ನೆಯ ಶತಮಾನದ ಇಬ್ನ್ ಖಲ್ಲಿಕಾನ್ ಎಂಬ ಅರಬ್ಬೀ ಲೇಖಕ ಅದನ್ನು ಬರೆದಿಟ್ಟಿದ್ದಾನೆ. ಅಲ್ಲಿ ಗೋಧಿ; ನಾವು ಅಕ್ಕಿಯೆಂದೇ ಇಟ್ಟುಕೊಳ್ಳೋಣ. ಮೊದಲ ಮನೆಗೆ ಒಂದು ಕಾಳು, ಆಮೇಲೆ ಮನೆಯಿಂದ ಮನೆಗೆ ಎರಡರಷ್ಟು. ಮೊದಲ ಸಾಲಿನ ಎಂಟು ಮನೆಗೆ ಸೇರಿ 255 ಕಾಳು; ಒಂದು ಕೋಳಿಗೂ ಸಾಲದು. ರಾಜ ನಕ್ಕದ್ದು ಸಹಜವೇ. ಸಾವಿರ ಕಾಳಿಗೆ 20 ಗ್ರಾಂ ಎಂದು ಹಿಡಿದರೆ ಅರ್ಧ ಹಲಗೆ ತುಂಬುವಾಗ ಸುಮಾರು 86 ಟನ್ನು. ಒಂಬತ್ತು ಲಾರಿ ಲೋಡು. ರಾಜನಿಗೆ ಅದೇನು ಮಹಾ? ಉಳಿದರ್ಧದಲ್ಲಿ ನಗು ಜಾಣನ ಕಡೆಗೆ ತಿರುಗುತ್ತದೆ. 64 ಮನೆಗೆ 36 ಸಾವಿರ ಕೋಟಿ ಟನ್ನಿಗೂ ಮೇಲೆ! ಇಂದು ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸು.

ಆ ಆಸ್ಥಾನದಲ್ಲಿ ಒಬ್ಬ ಚುರುಕಾದ ಶಾನುಭೋಗನಿರಬೇಕಿತ್ತೆಂದು ನಮಗೆ ತೋರುತ್ತದೆ. ‘ಎರಡರಷ್ಟು’ ಎಂಬಲ್ಲಿ ‘ಎರಡು ಹೆಚ್ಚು’ ಎಂದು ಬರೆದುಬಿಟ್ಟಿದ್ದರೆ 1, 3, 5 ಎಂದು ಏರಿ, 64 ಮನೆಗೂ ಒಟ್ಟು 4,096 ಕಾಳು. ತೂಕ 82 ಗ್ರಾಂ. ಒಬ್ಬನ ಒಂದು ಹೊತ್ತಿನ ಗಂಜಿ. ‘ಎರಡರಷ್ಟು ಹೆಚ್ಚು’ ಎಂದು ಬರೆದರೋ, ಬೇರೆಯೇ ತಕರಾರು: ಇದ್ದ ಒಂದಕ್ಕೆ ಎರಡು ಸೇರಿ ಮೂರಾಯಿತೆಂದು ಜಾಣ ವಾದಿಸಿಯಾನು. ಪೇಟೆಯಿಂದ ಬಂದವರು ಅಡಿಕೆ ಧಾರಣೆ ‘ಎರಡು ಪಟ್ಟು ಏರಿತು’ ಎಂದಾಗ, ಇಮ್ಮಡಿಯೋ ಮುಮ್ಮಡಿಯೋ ಎಂದು ಕೇಳಿ ನೋಡಿ. ಅವರೂ ತಡವರಿಸುತ್ತಾರೆ.

ಕೈಸಾಲದ ಚೀಟಿಗಳಲ್ಲಿ ಇದೇ ತಮಾಷೆ ತುಸು ಖಾರವಾಗಿರುತ್ತದೆ. ‘ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ’ ಎಂದಷ್ಟೇ ಬರೆದಿದ್ದು, ನಡುವೆ ಏನೂ ಕಟ್ಟದಿದ್ದರೆ, 10,000 ರೂಪಾಯಿ ಸಾಲ ಐದು ವರ್ಷಕ್ಕೆ ಎಷ್ಟಾಗುತ್ತದೆ? ಸರಳ ಬಡ್ಡಿಯಾದರೆ ಅಸಲೂ ಸೇರಿ 22,000. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ 29,316. ತಿಂಗಳು ತಿಂಗಳೂ ಸೇರಿಸಿದರೆ 32,810. ಚೀಟಿಯ ಅಕ್ಷರ ಮಾತ್ರ ಅದೇ! ಮೊದಲ ವರ್ಷದ ಕೊನೆಗೆ ಸರಳ ಬಡ್ಡಿಗೂ ತಿಂಗಳ ಚಕ್ರಬಡ್ಡಿಗೂ ಇರುವ ಅಂತರ ಬರೇ 282 ರೂಪಾಯಿ. ಅಷ್ಟಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. ಐದನೆಯ ವರ್ಷಕ್ಕೆ ಅದು 10,810; ಅಸಲನ್ನೇ ಮೀರಿಸಿತು.

ಪತ್ರ ಬರೆಸುವಾಗ ‘ಸರಳ ಬಡ್ಡಿ’ ಎಂದೋ, ಅಸಲಿಗೆ ಸೇರಿಸುವುದಾದರೆ ಎಷ್ಟು ತಿಂಗಳಿಗೊಮ್ಮೆ ಎಂದೋ ಕಾಣಿಸಿಕೊಳ್ಳಿ. ಈಗಾಗಲೇ ಬರೆದ ಚೀಟಿಯ ಬಗ್ಗೆ ಸಂಶಯವಿದ್ದವರು ಅದನ್ನು ಕಛೇರಿಗೆ ತಂದರೆ ಮೂರೂ ಬಗೆಯಲ್ಲಿ ಲೆಕ್ಕ ಹಾಕಿ ಕೊಡುತ್ತೇವೆ. ಈ ಕೆಲಸಕ್ಕೆ ಯಾವ ಬಡ್ಡಿಯೂ ಇಲ್ಲ.