ಅಂಕಿತವಿಲ್ಲದ ಆಕರಗಳು: ಗ್ಯಾಮಾ ಆಕಾಶದಲ್ಲಿ ವೇಗದ ಪಲ್ಸಾರ್‌ಗಳ ಶೋಧ

ಹಸ್ತಪ್ರತಿಗಳ ವ್ಯಾಸಂಗದಲ್ಲಿ ತೊಡಗಿದವರಿಗೆ 'ಆಕರ' ಎಂಬ ಪದ ಚಿರಪರಿಚಿತವಾದುದು. ಖಗೋಳವಿಜ್ಞಾನದಲ್ಲಿಯೂ ಈ ಪದಕ್ಕೆ ಸ್ಥಾನವಿದೆ. ಆಕಾಶದ ಯಾವ ಎಡೆಯಿಂದ ಕಿರಣಗಳು ಬರುತ್ತಿವೆಯೋ ಅದು ಆಕರ. ಅಲ್ಲಿರುವ ವಸ್ತು ಯಾವುದೆಂದು ತಿಳಿಯದಿದ್ದರೆ ಅದು ಗುರುತಿಲ್ಲದ ಆಕರ. 2008ರ ಜೂನ್‌ನಲ್ಲಿ ಉಡಾಯಿಸಲಾದ ಫರ್ಮಿ ಉಪಗ್ರಹವು ಆರು ಸಾವಿರಕ್ಕೂ ಮಿಕ್ಕ ಗ್ಯಾಮಾ ಆಕರಗಳನ್ನು ಒದಗಿಸಿದೆ. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನ ಗುರುತು ಇನ್ನೂ ಸಿಕ್ಕಿಲ್ಲ. ಇವುಗಳ ನಡುವೆ, ಸೆಕೆಂಡಿಗೆ ನೂರಾರು ಸಲ ಸುತ್ತುವ ಪಲ್ಸಾರ್‌ಗಳನ್ನು ಹೇಗೆ ಹುಡುಕುತ್ತಾರೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ. ನಾವು ವಿಜ್ಞಾನಿಗಳಲ್ಲ, ಆದರೆ ಕರ್ತೃನಿರ್ಣಯದ ಕಷ್ಟವನ್ನು ಬಲ್ಲೆವು.

ಪಲ್ಸಾರ್ ಒಂದು ನ್ಯೂಟ್ರಾನ್ ತಾರೆ. ಸೂರ್ಯನನ್ನು ಮೀರಿದ ದ್ರವ್ಯರಾಶಿ ಒಂದು ನಗರದಷ್ಟು ಅಗಲದ ಗೋಳದಲ್ಲಿ ಅಡಕಗೊಂಡು ಉಳಿದ ನಕ್ಷತ್ರಶೇಷ. ಅದು ಸುತ್ತುವಾಗ ಅದರ ಕಿರಣಪುಂಜ ದೀಪಸ್ತಂಭದ ಬೆಳಕಿನಂತೆ ನಮ್ಮನ್ನು ಹಾದುಹೋಗುತ್ತದೆ. ನಮಗದು ಮಿಡಿತವಾಗಿ ತೋರುತ್ತದೆ. ವಯಸ್ಸಾದಂತೆ ಈ ಸುತ್ತು ನಿಧಾನವಾಗಬೇಕು. ಆದರೆ 1982ರಲ್ಲಿ ಡೊನಾಲ್ಡ್ ಬ್ಯಾಕರ್ ಮತ್ತು ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮೊದಲಾದವರು, ಆಗ ಪೋರ್ಟೊರಿಕೋದ ಅರೆಸಿಬೋದಲ್ಲಿದ್ದ ರೇಡಿಯೋ ದೂರದರ್ಶಕದಿಂದ, ಸೆಕೆಂಡಿಗೆ 642 ಸುತ್ತು ಸುತ್ತುವ ಪಲ್ಸಾರನ್ನು ಕಂಡುಹಿಡಿದರು. ಅದೂ ಅಲ್ಲಿಯವರೆಗೆ ಗುರುತಿಲ್ಲದೆ ಉಳಿದಿದ್ದ ಒಂದು ರೇಡಿಯೋ ಆಕರವೇ ಆಗಿತ್ತೆಂಬುದು ಗಮನಾರ್ಹ. ಸಂಗಾತಿ ನಕ್ಷತ್ರದ ದ್ರವ್ಯ ಮೇಲೆ ಬಿದ್ದು ಮುದಿ ಪಲ್ಸಾರ್ ಮತ್ತೆ ವೇಗ ಪಡೆಯುತ್ತದೆಂಬ ವಿವರಣೆಯನ್ನು ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಮುಂದಿಟ್ಟರು, ಬೇರೆಯವರೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಗ್ಯಾಮಾ ಆಕರವೊಂದಕ್ಕೆ ಹೆಸರಿಡುವುದು ಎಷ್ಟು ಕಷ್ಟವೆಂಬುದಕ್ಕೆ 'ಜೆಮಿಂಗಾ' ನಿದರ್ಶನ. 1972ರಲ್ಲಿ ಕಾಣಿಸಿಕೊಂಡ ಈ ಆಕರದ ಸ್ಥಾನದಲ್ಲಿ ಬಹುಕಾಲ ಏನೂ ದೊರೆಯಲಿಲ್ಲ. ಮಿಲಾನಿನ ಆಡುನುಡಿಯಲ್ಲಿ ಆ ಹೆಸರಿನ ಧ್ವನಿಗೆ 'ಅದು ಅಲ್ಲಿಲ್ಲ' ಎಂಬ ಅರ್ಥವೂ ಬರುತ್ತದೆ. (ವಿಜ್ಞಾನಿಗಳಲ್ಲಿ ಶ್ಲೇಷಪ್ರಿಯರಿದ್ದಾರೆಂದು ತಿಳಿದು ನಮಗೆ ಸಂತೋಷವಾಯಿತು.) ಇಪ್ಪತ್ತು ವರ್ಷಗಳ ಬಳಿಕ, 1992ರಲ್ಲಿ, ಕ್ಷ-ಕಿರಣಗಳಲ್ಲಿ 0.237 ಸೆಕೆಂಡಿನ ಮಿಡಿತ ಸಿಕ್ಕಿ ಅದು ಪಲ್ಸಾರೆಂದು ನಿರ್ಧಾರವಾಯಿತು.

ವಚನವೊಂದರ ಭಾಷೆ, ಶೈಲಿಗಳನ್ನು ನೋಡಿ ಕರ್ತೃವನ್ನು ಊಹಿಸಬಹುದು. ಅಂಕಿತ ದೊರೆತಾಗ ಮಾತ್ರ ಧೈರ್ಯ ಬರುತ್ತದೆ. ಇಲ್ಲಿಯೂ ಹಾಗೆಯೇ. ದೂರದ ಗೆಲಾಕ್ಸಿಗಳ ಕಪ್ಪುಕುಳಿಗಳಿಂದ ಹೊಮ್ಮುವ ಗ್ಯಾಮಾ ಕಿರಣಗಳು ಏರಿಳಿಯುತ್ತಿರುತ್ತವೆ. ಪಲ್ಸಾರಿನವು ಸಾಮಾನ್ಯವಾಗಿ ಸ್ಥಿರ, ಮತ್ತು ಒಂದು ಶಕ್ತಿಯ ಮಿತಿಯಾಚೆಗೆ ಥಟ್ಟನೆ ಕುಗ್ಗುತ್ತವೆ. ಇದು ಶೈಲಿ. ಸುತ್ತಿನ ಅವಧಿಯೇ ಅಂಕಿತ. ವಚನಗಳ ಅಂಕಿತವಾದರೂ ಪ್ರಕ್ಷಿಪ್ತವಾಗಿರಬಹುದು. ನಕ್ಷತ್ರಕ್ಕೆ ಆ ಕಾಟವಿಲ್ಲ.

ಆದರೆ ಆ ಅವಧಿಯನ್ನು ಗ್ಯಾಮಾ ಕಿರಣಗಳಿಂದಲೇ ಓದುವುದು ಸುಲಭವಲ್ಲ. ಪಲ್ಸಾರ್ ಲಕ್ಷಗಟ್ಟಲೆ ಸುತ್ತು ಸುತ್ತುವಷ್ಟರಲ್ಲಿ ಉಪಗ್ರಹಕ್ಕೆ ಒಂದು ಫೋಟಾನ್ ಸಿಕ್ಕರೆ ಹೆಚ್ಚು. ಆದ್ದರಿಂದ ಫರ್ಮಿ ತೋರಿದ ಎಡೆಗೆ ರೇಡಿಯೋ ದೂರದರ್ಶಕಗಳನ್ನು ತಿರುಗಿಸುತ್ತಾರೆ. ಅಲ್ಲಿಯೂ ತೊಡಕುಂಟು. ಅಂತರಿಕ್ಷದ ಎಲೆಕ್ಟ್ರಾನ್‌ಗಳಿಂದಾಗಿ ಕಡಿಮೆ ಆವರ್ತಾಂಕದ ಅಲೆಗಳು ತಡವಾಗಿ ಬರುತ್ತವೆ; ಎಷ್ಟು ತಡವೆಂಬುದು ಮೊದಲೇ ತಿಳಿದಿರುವುದಿಲ್ಲ. ಸಂಗಾತಿಯ ಸುತ್ತ ತಿರುಗುವಾಗ ಮಿಡಿತದ ಲಯ ಹಿಂದುಮುಂದಾಗುತ್ತದೆ; ಸಂಗಾತಿಯಿಂದ ಎದ್ದ ಅನಿಲ ಕೆಲವೊಮ್ಮೆ ಮಿಡಿತವನ್ನು ಮರೆಮಾಡುತ್ತದೆ. ಒಮ್ಮೆ ನೋಡಿ ಇಲ್ಲವೆನ್ನುವಂತಿಲ್ಲ; ಮತ್ತೆ ಮತ್ತೆ ನೋಡಬೇಕು.

ಪುಣೆಯಿಂದ ನಾಸಿಕಕ್ಕೆ ಹೋಗುವ ಹಾದಿಯ ನಾರಾಯಣಗಾಂವ್ ಸಮೀಪ, ಖೋಡದದಲ್ಲಿ, 45 ಮೀಟರ್ ವ್ಯಾಸದ 30 ಬಟ್ಟಲುಗಳ ಜಿ.ಎಂ.ಆರ್.ಟಿ. ಇದೆ. ಪುಣೆಯ ಕನ್ನಡಿಗರಲ್ಲಿ ಅನೇಕರು ಅದನ್ನು ಬಲ್ಲರು. ಭಾಸ್ವತಿ ಭಟ್ಟಾಚಾರ್ಯ ಮತ್ತು ಸಂಗಡಿಗರು ಅಲ್ಲಿ ಫರ್ಮಿಯ ಗುರುತಿಲ್ಲದ ಆಕರವೊಂದನ್ನು ಶೋಧಿಸಿ, 2.16 ಮಿಲಿಸೆಕೆಂಡಿನ ಪಲ್ಸಾರನ್ನು 2013ರಲ್ಲಿ ಪ್ರಕಟಿಸಿದರು. ಅದು 2.9 ಗಂಟೆಗಳಿಗೊಮ್ಮೆ ಸಂಗಾತಿಯೊಡನೆ ಸುತ್ತು ಮುಗಿಸುತ್ತದೆ. 322 ಮೆಗಾಹರ್ಟ್ಸ್‌ನಲ್ಲಿ ಆ ಸುತ್ತಿನ ನೂರಕ್ಕೆ ಹದಿಮೂರು ಪಾಲು ಹೊತ್ತು ಮರೆಯಾಗಿರುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಸಾಹಸವೊಂದು 2012ರಲ್ಲಿ ನಡೆಯಿತು. ಹಿಂದಿನ ಕಾಂಪ್ಟನ್ ಉಪಗ್ರಹದ ಕಾಲದಿಂದಲೂ ಗುರುತಿಲ್ಲದಿದ್ದ ಆಕರವೊಂದರಲ್ಲಿ, 93 ನಿಮಿಷಗಳಿಗೊಮ್ಮೆ ಬೆಳಕು ಏರಿಳಿಯುವ ಸಂಗಾತಿಯನ್ನು ರೋಜರ್ ರೊಮಾನಿ ಕಂಡಿದ್ದರು. ಆ ಸುಳಿವನ್ನು ಹಿಡಿದು ಹೋಲ್ಗರ್ ಪ್ಲೆಚ್ ಮೊದಲಾದವರು ನಾಲ್ಕು ವರ್ಷಗಳ ಗ್ಯಾಮಾ ಫೋಟಾನ್‌ಗಳನ್ನು ಗಣಕಗಳಲ್ಲಿ ಜಾಲಾಡಿ, ರೇಡಿಯೋ ನೆರವಿಲ್ಲದೆಯೇ 2.56 ಮಿಲಿಸೆಕೆಂಡಿನ ಮಿಡಿತವನ್ನು ಹೊರತೆಗೆದರು. ಮಿಲಿಸೆಕೆಂಡ್ ಪಲ್ಸಾರೊಂದು ಈ ಬಗೆಯಲ್ಲಿ ದೊರೆತದ್ದು ಅದೇ ಮೊದಲು.

ಈ ಶ್ರಮ ಕೇವಲ ಪಟ್ಟಿ ತುಂಬಿಸುವುದಕ್ಕಲ್ಲ. ನಮ್ಮ ಆಕಾಶಗಂಗೆಯ ನಡುಭಾಗದಿಂದ, ಗೊತ್ತಿರುವ ಆಕರಗಳ ಲೆಕ್ಕಕ್ಕೆ ಮೀರಿದ ಗ್ಯಾಮಾ ಪ್ರಭೆ ಬರುತ್ತಿದೆಯೆಂದು 2009ರಿಂದ ಚರ್ಚೆ ನಡೆದಿದೆ. ಅದು ಕಪ್ಪು ದ್ರವ್ಯದ ಕಣಗಳು ನಾಶವಾಗುವ ಕುರುಹೆಂದು ಕೆಲವರು. ಬಿಡಿಬಿಡಿಯಾಗಿ ಕಾಣದ ಅಸಂಖ್ಯ ಮಿಲಿಸೆಕೆಂಡ್ ಪಲ್ಸಾರ್‌ಗಳ ಒಟ್ಟು ಬೆಳಕೆಂದು ಮತ್ತೆ ಕೆಲವರು. ಪ್ರಭೆಯ ಬಗೆಯೊಂದನ್ನೇ ನೋಡಿದರೆ ಎರಡೂ ಹೊಂದುತ್ತವೆ. ಅಲ್ಲಿಂದ ಮಿಡಿತಗಳನ್ನು ಒಂದೊಂದಾಗಿ ಎಣಿಸುವವರೆಗೆ ಈ ವಾದ ಇತ್ಯರ್ಥವಾಗುವ ಸಂಭವ ಕಡಿಮೆಯೆಂದು ನಮಗೆ ತೋರುತ್ತದೆ.