ತಣ್ಣನೆಯ ಏಡಿ, ಕಾಚಂಪುಳಿ ಮತ್ತು ವೈನು

ಕೊಡಗು ಕಡಲಿಲ್ಲದ ನಾಡು. ಸಮುದ್ರದ ಮೀನು ಅಲ್ಲಿಗೆ ಘಟ್ಟವನ್ನೇರಿಯೇ ಬರತಕ್ಕದ್ದು. ಆದರೆ ಕಕ್ಕಡ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಾಟಿಯ ಗದ್ದೆಗಳಲ್ಲಿಯೂ ತೋಡುಗಳಲ್ಲಿಯೂ ಏಡಿಗಳು ದೊರೆಯುತ್ತವೆ. ಕೊಡವ ನುಡಿಯಲ್ಲಿ ಇದಕ್ಕೆ ಞಂಡ್ ಎಂದು ಹೆಸರು; ಮಲಯಾಳದ ಞಂಡ್, ತಮಿಳಿನ ನಂಡು ಎಂಬ ಶಬ್ದಗಳು ಇದರ ಬಂಧುಗಳು. ಊಟಕ್ಕೆ ಮೊದಲು ಇಂತಹ ಮಾಂಸವನ್ನು ಹುಳಿ ಸೇರಿಸಿ ತಣ್ಣಗೆ ಬಡಿಸಿ, ಜೊತೆಗೆ ವೈನನ್ನು ಕೊಡುವುದು ಪಾಶ್ಚಾತ್ಯ ಪದ್ಧತಿ. ಅದನ್ನು ಕೊಡಗಿನ ಏಡಿಗೆ ಹೊಂದಿಸುವ ಕ್ರಮವನ್ನೂ, ಅದರಲ್ಲಿ ಅಡಗಿರುವ ಒಂದು ಅಪಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಹುಳಿಗೆ ಕೊಡಗಿನಲ್ಲಿ ಕಾಚಂಪುಳಿಯೇ ಪ್ರಸಿದ್ಧ. ಮಳೆಗಾಲದಲ್ಲಿ ಮಾಗಿದ ಪಣಪುಳಿಯ ಹಣ್ಣುಗಳನ್ನು ರಾಶಿಹಾಕಿ, ಒಸರುವ ರಸವನ್ನು ಸಂಗ್ರಹಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದರೆ ಅದು ಸಿದ್ಧವಾಗುವುದು. ಈ ಜಾತಿಯ ಹಣ್ಣಿನ ಮುಖ್ಯಾಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ಆಮ್ಲವು ತಗುಲಿದೊಡನೆ ಹಸಿಮಾಂಸದ ಪ್ರೋಟೀನು ಹೆಪ್ಪುಗಟ್ಟಿ, ಮಾಂಸವು ಬೆಂದಂತೆ ಬಿಳುಪಾಗುತ್ತದೆ. ಪೆರು ದೇಶದವರು ಹಸಿಮೀನನ್ನು ನಿಂಬೆಯ ರಸದಲ್ಲಿ ಹೀಗೆಯೇ ಸಿದ್ಧಪಡಿಸುವರು. ಆದರೆ ಬೆಂದಂತೆ ಕಾಣುವುದು ಬೇರೆ, ಬೇಯುವುದು ಬೇರೆ. ಸಿಹಿನೀರಿನ ಏಡಿಗಳಲ್ಲಿ ಪ್ಯಾರಗೋನಿಮಸ್ ಎಂಬ ಶ್ವಾಸಕೋಶದ ಚಪ್ಪಟೆ ಹುಳುವಿನ ಮರಿಗಳಿರಬಹುದು. ಏಡಿಯನ್ನು ಹಸಿಯಾಗಿ ಇಲ್ಲವೆ ಅರೆಬೆಂದಂತೆ ತಿಂದವರಿಗೆ ಬಹುಕಾಲದ ಕೆಮ್ಮೂ ರಕ್ತಮಿಶ್ರಿತ ಕಫವೂ ಉಂಟಾಗಿ, ಕೆಲವೊಮ್ಮೆ ಕ್ಷಯವೆಂದೇ ಭ್ರಮೆಯಾಗುವುದು. ಭಾರತದಲ್ಲಿ ಈ ರೋಗವು ಮಣಿಪುರವೇ ಮೊದಲಾದ ಈಶಾನ್ಯ ಪ್ರಾಂತಗಳಲ್ಲಿ ವಿಶೇಷವಾಗಿ ಕಂಡುಬಂದಿದೆ. ಹುಳಿಯನ್ನಾಗಲಿ ವೈನಿನ ಮದ್ಯಸಾರವನ್ನಾಗಲಿ ನಂಬಿ ಈ ಮರಿಗಳು ಸತ್ತುವೆಂದು ತಿಳಿಯಲಾಗದು. ಬೆಂಕಿಯೊಂದೇ ನೆಚ್ಚತಕ್ಕ ಉಪಾಯ.

ಆದುದರಿಂದ ಕ್ರಮವು ಹೀಗಿರಬೇಕು. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಯನ್ನು ತೆಗೆದುಕೊಳ್ಳಬಾರದು. ಜೀವಂತ ಏಡಿಗಳನ್ನು ತೊಳೆದು, ಮಂಜುಗಡ್ಡೆಯಲ್ಲಿಟ್ಟು ಜಡಗೊಳಿಸಿ, ಕುದಿಯುವ ಉಪ್ಪುನೀರಿನಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಅನಂತರ ಕಿವಿರುಗಳನ್ನು ತೆಗೆದುಹಾಕಿ ಮಾಂಸವನ್ನು ಬಿಡಿಸತಕ್ಕದ್ದು. ಹಸಿ ಏಡಿಗೆ ಬಳಸಿದ ಕತ್ತಿ, ಹಲಗೆ, ಪಾತ್ರೆಗಳನ್ನು ತೊಳೆಯದೆ ಬೆಂದುದಕ್ಕೆ ಮುಟ್ಟಿಸಕೂಡದು. 250 ಗ್ರಾಂ ಮಾಂಸಕ್ಕೆ ನೀರಿನಲ್ಲಿ ಕದಡಿದ ಅರ್ಧ ಚಮಚ ಕಾಚಂಪುಳಿ, ಹೆಚ್ಚಿದ ಸಣ್ಣ ಈರುಳ್ಳಿ, ಒಂದೆರಡು ಗಾಂಧಾರಿ ಮೆಣಸು, ಕುಟ್ಟಿದ ಕಾಳುಮೆಣಸು, ಉಪ್ಪು ಸಾಕು. ಬೆಂದ ಎರಡು ಗಂಟೆಯೊಳಗಾಗಿ ಇದನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶೈತ್ಯದಲ್ಲಿರಿಸಿ, ಅಂದೇ ಬಡಿಸುವುದು ಲೇಸು. ತಂಪಿನಲ್ಲಿ ಪರಿಮಳವೂ ಸಿಹಿಯೂ ಮಂಕಾಗುವುದರಿಂದ, ಕೊನೆಯ ರುಚಿಯನ್ನು ತಣಿದ ಮೇಲೆಯೇ ನೋಡಬೇಕು.

ಇನ್ನು ವೈನಿನ ವಿಚಾರ. ಕೆಂಪು ವೈನಿನೊಡನೆ ಮತ್ಸ್ಯಾದಿಗಳು ನಾರುವುದೆಂಬುದು ಹಳೆಯ ಅನುಭವ. 2009ರಲ್ಲಿ ಜಪಾನಿನ ಸಂಶೋಧಕರು ಚಿಪ್ಪುಜೀವಿಯ ಒಣಮಾಂಸದೊಡನೆ ಪರೀಕ್ಷಿಸಿ, ವೈನಿನಲ್ಲಿ ಕರಗಿರುವ ಕಬ್ಬಿಣವು ಈ ದುರ್ವಾಸನೆಗೆ ಮುಖ್ಯ ಕಾರಣವೆಂದು ತೋರಿಸಿದರು. ಅಲ್ಲದೆ ಕೆಂಪು ವೈನಿನ ಒಗರು ತಂಪಿನಲ್ಲಿ ಹೆಚ್ಚಾಗಿ ತೋರುತ್ತದೆ. ಮದ್ಯಸಾರವು ಅಧಿಕವಾದಷ್ಟೂ ಮೆಣಸಿನ ಉರಿ ಏರುತ್ತದೆ. ವೈನು ಭಕ್ಷ್ಯಕ್ಕಿಂತ ಕಡಿಮೆ ಹುಳಿಯಾಗಿದ್ದರೆ ಸಪ್ಪೆಯೆನಿಸುವುದು. ಆದುದರಿಂದ ಹುಳಿ ಮುಂದಾದ, ತುಸು ಸಿಹಿಯುಳ್ಳ, ಹಗುರಾದ ಬಿಳಿಯ ವೈನನ್ನು 8ರಿಂದ 10 ಡಿಗ್ರಿಗೆ ತಣಿಸಿ ಕೊಡುವುದು ಯುಕ್ತ. ಕೊಡಗಿನ ಮನೆಗಳಲ್ಲಿ ಮಾಡುವ ಹಣ್ಣಿನ ವೈನುಗಳಲ್ಲಿ ಅನಾನಸಿನದು ಈ ಲಕ್ಷಣಕ್ಕೆ ಸಮೀಪವಾದುದು. ನೆಲ್ಲಿಯದು ಒಗರಿನಿಂದಾಗಿ ಹೊಂದದು.

ಹೀಗೆ ಗದ್ದೆಯ ಏಡಿಯೂ ಕಾಡಿನ ಹುಳಿಯೂ ತೋಟದ ಹಣ್ಣೂ ಒಂದೇ ಪಂಕ್ತಿಯಲ್ಲಿ ಕೂಡಬಲ್ಲವು. ಇವುಗಳಲ್ಲಿ ಹುಳಿ ರುಚಿಗೆ, ತಂಪು ಹಿತಕ್ಕೆ, ಬೆಂಕಿ ಪ್ರಾಣರಕ್ಷಣೆಗೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸತಕ್ಕದ್ದಲ್ಲ.